ಗಂಜಿಗೆ ಅಕ್ಕಿ ಇದ್ದರಷ್ಟೇ ಸಾಲದು

ಮಾನ್ಯರೇ,

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಲಾಕ್‌ಡೌನ್ ಆಗಿ, ಕರ್ನಾಟಕವು ತಲಪಾಡಿ ಗಡಿಯನ್ನು ಮುಚ್ಚಿದಾಗ, ಬಹಳಷ್ಟು ವಿಷಯಗಳಿಗೆ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡು ಪೇಟೆಯ ಮನೆಗಳ ಆಹಾರ ಭದ್ರತೆ ಎಷ್ಟು ತೆಳುವಾದುದೆಂದು ತಿಳಿಯಿತು. ಕೇರಳ ಸರಕಾರ ಪಡಿತರ ಚೀಟಿಯುಳ್ಳವರಿಗೆ ಉಚಿತ ಅಕ್ಕಿಯನ್ನೂ 17 ಬಗೆಯ ದಿನಸಿ ಕಿಟ್ಟನ್ನೂ ಕೊಟ್ಟದ್ದು, ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಮಹಿಳೆಯರು ಸ್ಥಳೀಯಾಡಳಿತದೊಡನೆ ಸಮುದಾಯ ಅಡುಗೆಮನೆಗಳನ್ನು ನಡೆಸಿದ್ದು ಶ್ಲಾಘನೀಯವೇ.

ಆದರೆ ಹಳ್ಳಿಯ ಮನೆಗೆ ಹಿತ್ತಿಲ ಬಸಳೆ, ಹಲಸು ಒದಗಿದಂತೆ (ಅದು ಹಲಸಿನ ಕಾಲವಾಗಿದ್ದುದು ನಮ್ಮ ಪುಣ್ಯ) ಪೇಟೆಯ ಬಾಡಿಗೆ ಕೋಣೆಯ ದಿನಗೂಲಿಯವರಿಗೆ ಏನೂ ಒದಗದು. ಕೂಲಿ ನಿಂತ ದಿನವೇ ತರಕಾರಿ, ಹಾಲು, ಅಡುಗೆ ಅನಿಲ ಎಲ್ಲವೂ ದುಬಾರಿ. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯಿಂದ ಹೊರ ರಾಜ್ಯದವರಿಗೆ ಇಲ್ಲಿ ಸಿಗುವುದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಮಾತ್ರ, ರಾಜ್ಯದ ಕಿಟ್ ಅಲ್ಲ.

ಆದುದರಿಂದ ನಗರಸಭೆಯು ಬಾಡಿಗೆದಾರರ ವಾರ್ಡ್‌ವಾರು ಪಟ್ಟಿಯನ್ನು ಈಗಲೇ ಸಿದ್ಧಪಡಿಸಬೇಕು. ಮುಂದೆ ಇಂತಹ ಸಂದರ್ಭ ಬಂದರೆ ತರಕಾರಿ ಲಾರಿಗಳು ಗಡಿ ದಾಟುವ ಬಗ್ಗೆ ಎರಡೂ ರಾಜ್ಯಗಳು ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ ಇಲ್ಲಿನ ಪಡಿತರ ಅಂಗಡಿಗಳಲ್ಲಿ ಸೂಚನೆಗಳನ್ನು ಕನ್ನಡದಲ್ಲೂ ಹಾಕಬೇಕು.

– ಓರ್ವ ಓದುಗ, ಕಾಸರಗೋಡು