ಹಿರಿಯರ ಯೋಗಕ್ಕೆ ಕುರ್ಚಿಯೂ ಇರಲಿ

ಮಾನ್ಯ ಸಂಪಾದಕರೇ,

ಜೂನ್ 21ರ ಯೋಗ ದಿನ ಬಂತೆಂದರೆ ಎಲ್ಲೆಲ್ಲೂ ಶೀರ್ಷಾಸನದ ಫೋಟೊಗಳು. 2015ರಿಂದಲೂ ಇದೇ. ಎಪ್ಪತ್ತು ದಾಟಿದವರು ಅವನ್ನು ನೋಡಿ 'ಇದೆಲ್ಲ ನಮ್ಮ ಕೈಲಾಗದ್ದು' ಎಂದು ಸುಮ್ಮನಾಗುತ್ತಾರೆ, ಅಲ್ವಾ?

ಆ ವಯಸ್ಸಿಗೆ ಬೇಕಾದ ಯೋಗವೇ ಬೇರೆ. ಕಾಲಿನ ಬಲ ಕುಗ್ಗಿರುತ್ತದೆ, ಬಿದ್ದರೆ ಸೊಂಟ ಮುರಿಯುವ ಭಯ. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಗೋಡೆಗೆ ಒಂದು ಕೈ ಕೊಟ್ಟು, ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ ಮಾಡಬಹುದು. ಪಾದವನ್ನು ತೊಡೆಗೆ ಏರಿಸಲೇಬೇಕೆಂದಿಲ್ಲ. ಹಿಮ್ಮಡಿಯನ್ನು ಇನ್ನೊಂದು ಪಾದದ ಗಂಟಿಗೆ ಒರಗಿಸಿ, ಬೆರಳ ತುದಿ ನೆಲಕ್ಕೆ ತಾಗಿಸಿಕೊಂಡರೂ ಸಾಕು. ಅಲ್ಲಾಡದ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು ತೊಡೆಗೆ ಒಳ್ಳೆಯ ಕಸರತ್ತು. ಫೋಟೊಗೆ ಚೆಂದ ಕಾಣದು, ಬಿಡಿ.

ನನಗೆ ಬೇಸರ ತರಿಸುವುದು 'ಎಲ್ಲರಿಗೂ ಎಲ್ಲ ಆಸನ' ಎನ್ನುವ ಶಿಬಿರಗಳು. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರು ತಲೆ ಕೆಳಗಾಗುವ ಆಸನ ಮಾಡಿದರೆ ಕಣ್ಣಿನ ಒತ್ತಡ ಏರುತ್ತದೆ. ಮೂಳೆ ಟೊಳ್ಳಾದವರು ಬೆನ್ನು ಬಗ್ಗಿಸಿ ಜಾಸ್ತಿ ಮುಂದಕ್ಕೆ ಬಾಗಿದರೆ ಬೆನ್ನುಮೂಳೆಯೇ ಬಿರುಕು ಬಿಡಬಹುದು. ಬಿಪಿ ಇದ್ದವರು ಉಸಿರು ಬಿಗಿಹಿಡಿಯುವುದು ಬೇಡ. ಯೋಗ ಶುರುವಾಯಿತೆಂದು ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಶಿಬಿರಕ್ಕೆ ಹೆಸರು ಬರೆದುಕೊಳ್ಳುವಾಗಲೇ ಇಂಥ ಕಾಯಿಲೆ ಇದೆಯೇ ಎಂದು ಆಯೋಜಕರು ಕೇಳಿಕೊಳ್ಳಲಿ. ಹಿರಿಯರಿಗೆ ಬೇರೆ ಗುಂಪು ಮಾಡಿ, ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಲಿ.

— ಒಬ್ಬ ಹಿರಿಯ ಓದುಗ