ಸ್ಪ್ಯಾನಿಷ್ ವಿಶೇಷಣ: ಪ್ರಾಸ ನಂಬಿದರೆ ತಪ್ಪು ಖಚಿತ

ಮಾನ್ಯ ಸಂಪಾದಕರೇ,

ಸ್ಪ್ಯಾನಿಷ್ ಕಲಿಯುವವರಿಗಾಗಿ ಬರುವ ಪಾಠಗಳಲ್ಲಿ ವಿಶೇಷಣದ ವಿಷಯ ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: ನಾಮಪದ ‘ಒ’ ಎಂದು ಮುಗಿದರೆ ವಿಶೇಷಣಕ್ಕೂ ‘ಒ’, ‘ಆ’ ಎಂದು ಮುಗಿದರೆ ವಿಶೇಷಣಕ್ಕೂ ‘ಆ’. ಹೇಳುವುದಕ್ಕೂ ಸುಲಭ, ನೆನಪಿಡುವುದಕ್ಕೂ ಸುಲಭ. ಆದರೆ ಇದು ಪ್ರಾಸದ ಲೆಕ್ಕ, ವ್ಯಾಕರಣದ ಲೆಕ್ಕವಲ್ಲ. ಇದನ್ನೇ ನಂಬಿ ಕಲಿತವರಿಗೆ ಮೊದಲ ಕೆಲವು ವಾಕ್ಯಗಳು ಸರಿಯಾಗಿ ಬರುತ್ತವೆ. ಆಮೇಲೆ ಹೆಜ್ಜೆಹೆಜ್ಜೆಗೂ ಎಡವುತ್ತಾರೆ. ಪಾಠ ಬರೆಯುವವರೂ ಓದುವವರೂ ಗಮನಿಸಲಿ ಎಂದು ಈ ಪತ್ರ.

ವಿಶೇಷಣ ಹೊಂದಿಕೊಳ್ಳುವುದು ನಾಮಪದದ ಲಿಂಗ ಮತ್ತು ವಚನಕ್ಕೆ. ನಾಮಪದದ ಕೊನೆಯ ಅಕ್ಷರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ‘ಮಾನೊ’ (ಕೈ) ಎಂಬ ಪದದ ಕೊನೆಗೆ ‘ಒ’ ಇದೆ, ಆದರೆ ಅದು ಸ್ತ್ರೀಲಿಂಗ. ಹಾಗಾಗಿ ಬಿಳಿ ಕೈ ಎನ್ನಲು ‘ಲಾ ಮಾನೊ ಬ್ಲಾಂಕಾ’ ಎನ್ನಬೇಕು (‘ಲಾ’ ಸ್ತ್ರೀಲಿಂಗ ನಾಮಪದಕ್ಕೂ ‘ಎಲ್’ ಪುಲ್ಲಿಂಗ ನಾಮಪದಕ್ಕೂ ಮೊದಲು ಬರುವ ಪದ, ಇಂಗ್ಲಿಷಿನ ‘ದ’ ಇದ್ದಂತೆ). ‘ಪ್ರೊಬ್ಲೇಮಾ’ (ಸಮಸ್ಯೆ) ಪುಲ್ಲಿಂಗ. ಗಂಭೀರ ಸಮಸ್ಯೆಗೆ ‘ಎಲ್ ಪ್ರೊಬ್ಲೇಮಾ ಸೇರಿಯೊ’. ಗ್ರೀಕಿನಿಂದ ಬಂದ ಸಿಸ್ತೇಮಾ (ವ್ಯವಸ್ಥೆ), ತೇಮಾ (ವಿಷಯ), ಇದಿಯೋಮಾ (ಭಾಷೆ), ಕ್ಲೀಮಾ (ಹವಾಮಾನ) ಮುಂತಾದವೂ ಪುಲ್ಲಿಂಗವೇ. ‘ಫೋತೊ’, ‘ಮೋತೊ’ ಸ್ತ್ರೀಲಿಂಗ, ಏಕೆಂದರೆ ಅವು ಫೋತೊಗ್ರಫೀಯಾ, ಮೋತೊಸಿಕ್ಲೇತಾ ಎಂಬ ಸ್ತ್ರೀಲಿಂಗ ಪದಗಳ ಮೊಟಕು ರೂಪ. ‘ಫ್ಲೋರ್’ (ಹೂವು) ಸ್ತ್ರೀಲಿಂಗ, ‘ಪಾನ್’ (ಬ್ರೆಡ್ಡು) ಪುಲ್ಲಿಂಗ. ಇವುಗಳ ಕೊನೆ ನೋಡಿ ಯಾರೂ ಲಿಂಗ ಹೇಳಲಾರರು. ಆದ್ದರಿಂದ ಬರೀ ‘ಫ್ಲೋರ್’ ಎಂದು ಕಲಿಯುವುದು ಅರ್ಧ ಕಲಿಕೆ. ‘ಲಾ ಫ್ಲೋರ್’ ಎಂದೇ ಬಾಯಿಪಾಠ ಆಗಬೇಕು.

ಇನ್ನು ವಿಶೇಷಣದ ಕಡೆಗೆ ಬಂದರೆ, ನಿಘಂಟಿನಲ್ಲಿ ಅದು ಹೇಗೆ ಮುಗಿಯುತ್ತದೆ ಎಂಬುದೇ ಅದಕ್ಕೆ ಎಷ್ಟು ರೂಪ ಎಂಬುದನ್ನು ಹೇಳುತ್ತದೆ. ‘ಒ’ ಎಂದು ಮುಗಿಯುವುದಕ್ಕೆ ನಾಲ್ಕು ರೂಪ: ಬ್ಲಾಂಕೊ, ಬ್ಲಾಂಕಾ, ಬ್ಲಾಂಕೋಸ್, ಬ್ಲಾಂಕಾಸ್. ‘ಎ’ ಎಂದೋ ವ್ಯಂಜನದಿಂದಲೋ ಮುಗಿಯುವ ಹೆಚ್ಚಿನವಕ್ಕೆ ಎರಡೇ: ಗ್ರಾಂದೆ, ಗ್ರಾಂದೆಸ್ (ದೊಡ್ಡ), ಅಸೂಲ್, ಅಸೂಲೆಸ್ (ನೀಲಿ). ಇವಕ್ಕೆ ಬಹುವಚನ ಉಂಟು, ಲಿಂಗಭೇದ ಇಲ್ಲ. ಪ್ರಾಸದ ಸೂತ್ರ ಕಲಿತವರು ಇಲ್ಲೇ ದೊಡ್ಡ ಮನೆಗೆ ‘ಕಾಸಾ ಗ್ರಾಂದಾ’ ಎಂದುಬಿಡುತ್ತಾರೆ. ಅಂಥ ಪದವೇ ಇಲ್ಲ. ‘ಇಸ್ತಾ’ ಎಂದು ಮುಗಿಯುವ ‘ಒಪ್ತಿಮೀಸ್ತಾ’ (ಆಶಾವಾದಿ) ಥರದವು ಗಂಡಸಿಗೂ ಹೆಂಗಸಿಗೂ ಒಂದೇ. ‘ಒಪ್ತಿಮೀಸ್ತೊ’ ಎಂದು ಮಾಡಲು ಹೋಗಬಾರದು.

ವ್ಯಂಜನದಿಂದ ಮುಗಿದರೂ ಸ್ತ್ರೀಲಿಂಗದಲ್ಲಿ ‘ಆ’ ಸೇರಿಸಿಕೊಳ್ಳುವ ಗುಂಪೊಂದಿದೆ: ದೇಶ, ಊರು ಸೂಚಿಸುವವು (ಎಸ್ಪಾನ್ಯೋಲ್, ಎಸ್ಪಾನ್ಯೋಲಾ, ಇಂಗ್ಲೇಸ್, ಇಂಗ್ಲೇಸಾ) ಮತ್ತು ‘ತ್ರಬಹದೋರ್’ (ದುಡಿಮೆಗಾರ) ಥರದವು. ಆದರೆ ಹೋಲಿಕೆ ಹೇಳುವ ಮೆಹೋರ್ (ಹೆಚ್ಚು ಒಳ್ಳೆಯ), ಪೆಯೋರ್ (ಹೆಚ್ಚು ಕೆಟ್ಟ), ಮಯೋರ್ (ಹೆಚ್ಚು ದೊಡ್ಡ), ಮೆನೋರ್ (ಹೆಚ್ಚು ಚಿಕ್ಕ) ಈ ಗುಂಪಿಗೆ ಸೇರುವುದಿಲ್ಲ. ‘ಲಾ ಮೆಹೋರ್ ಕಾಸಾ’ ಸರಿ, ‘ಮೆಹೋರಾ’ ತಪ್ಪು. ಬರೆಯುವಾಗ ಇನ್ನೊಂದು ತೊಡಕು. ‘ಇಂಗ್ಲೇಸ್’ ಬರೆಯುವಾಗ ‘ಎ’ ಅಕ್ಷರದ ಮೇಲೆ ಓರೆಗೆರೆ ಬೇಕು, ‘ಇಂಗ್ಲೇಸಾ’ದಲ್ಲಿ ಬೇಡ, ‘ಹೋಬೆನ್’ (ಎಳೆವಯಸ್ಸಿನ) ಎಂಬುದಕ್ಕೆ ಗೆರೆ ಇಲ್ಲ, ಬಹುವಚನ ‘ಹೋಬೆನೆಸ್’ಗೆ ಇದೆ. ಒತ್ತಿ ಹೇಳುವ ಜಾಗ ಎರಡರಲ್ಲೂ ಬದಲಾಗಿಲ್ಲ. ಸ್ವರ, ‘ನ್’ ಅಥವಾ ‘ಸ್’ನಿಂದ ಮುಗಿಯುವ ಪದವನ್ನು ಕೊನೆಯಿಂದ ಎರಡನೆಯ ಉಚ್ಚಾರಾಂಶದ (‘ಹೋ-ಬೆನ್’ನಲ್ಲಿ ‘ಹೋ’) ಮೇಲೆ ಒತ್ತುವುದು ರೂಢಿ, ಒತ್ತು ಬೇರೆಡೆ ಬಿದ್ದಾಗ ಮಾತ್ರ ಗೆರೆ.

ಕನ್ನಡದವರು ಮಾಡುವ ತಪ್ಪಿಗೆ ಕಾರಣ ಕನ್ನಡದಲ್ಲೇ ಇದೆ. ‘ಕೆಂಪು ಹೂವು’, ‘ಕೆಂಪು ಹೂವುಗಳು’ ಎನ್ನುವಾಗ ‘ಕೆಂಪು’ ಅಲುಗುವುದಿಲ್ಲ. ಬಹುವಚನವನ್ನು ಒಂದು ಕಡೆ ಹೇಳಿದರೆ ಸಾಕು. ಅದೇ ರೂಢಿಯಲ್ಲಿ ‘ಲಾಸ್ ಫ್ಲೋರೆಸ್ ರೋಹಾ’ ಎನ್ನುತ್ತಾರೆ. ಕೊನೆಯ ‘ಸ್’ ಬಿಟ್ಟುಹೋಗುತ್ತದೆ. ಹಿಂದಿ ಬಲ್ಲವರಿಗೂ ಇದೇ ಪಾಡು, ಏಕೆಂದರೆ ‘ಅಚ್ಛೀ’ ಸ್ತ್ರೀಲಿಂಗ ಬಹುವಚನದಲ್ಲೂ ‘ಅಚ್ಛೀ’ಯೇ. ಸ್ಪ್ಯಾನಿಷ್‌ನಲ್ಲಿ ‘ಲಾಸ್ ಫ್ಲೋರೆಸ್ ರೋಹಾಸ್’: ಮೂರೂ ಪದಕ್ಕೆ ಬಹುವಚನ. ಆದರೆ ಹೊಂದಾಣಿಕೆ ನಮಗೆ ಪೂರಾ ಹೊಸದೇನಲ್ಲ. ಅವನು ಒಳ್ಳೆಯವನು, ಅವಳು ಒಳ್ಳೆಯವಳು, ಅವರು ಒಳ್ಳೆಯವರು ಎಂದು ವಾಕ್ಯದ ಕೊನೆಯಲ್ಲಿ ನಾವೂ ಹೊಂದಿಸುತ್ತೇವಲ್ಲ! ಕಲಿಸುವವರು ಇಲ್ಲಿಂದ ಶುರು ಮಾಡಿದರೆ ಅರ್ಧ ಭಯ ಹೋಗುತ್ತದೆ.

ಎಲ್ಲರನ್ನೂ ದಾರಿ ತಪ್ಪಿಸುವ ಪದವೆಂದರೆ ‘ಆಗ್ವಾ’, ಅಂದರೆ ನೀರು. ಇದು ಸ್ತ್ರೀಲಿಂಗ, ಆದರೂ ‘ಎಲ್ ಆಗ್ವಾ’ ಎನ್ನುತ್ತಾರೆ. ಒತ್ತಿ ಹೇಳುವ ‘ಆ’ದಿಂದ ಶುರುವಾಗುವ ಸ್ತ್ರೀಲಿಂಗ ನಾಮಪದಕ್ಕೆ ತೀರ ಮೊದಲು ಏಕವಚನದಲ್ಲಿ ‘ಲಾ’ ಬದಲು ‘ಎಲ್’ ಬರುತ್ತದೆ. ಲ್ಯಾಟಿನ್ನಿನ ‘ಇಲ್ಲಾ’ದಿಂದ ಬಂದ ಹಳೆಯ ಸ್ತ್ರೀಲಿಂಗ ರೂಪ ‘ಎಲಾ’ ಮುಂದಿನ ‘ಆ’ದೊಡನೆ ಕೂಡಿಹೋಗಿ ‘ಎಲ್’ ಎಂದು ಉಳಿಯಿತು. ಇದು ಪುಲ್ಲಿಂಗದ ಗುರುತಲ್ಲ. ವಿಶೇಷಣ ಮೋಸ ಹೋಗುವುದಿಲ್ಲ: ‘ಎಲ್ ಆಗ್ವಾ ಫ್ರೀಯಾ’ (ತಣ್ಣೀರು), ಬಹುವಚನದಲ್ಲಿ ‘ಲಾಸ್ ಆಗ್ವಾಸ್ ಫ್ರೀಯಾಸ್’. ‘ಈ ನೀರು’ ಎನ್ನಲು ‘ಎಸ್ತಾ ಆಗ್ವಾ’, ‘ತುಂಬಾ ನೀರು’ ಎನ್ನಲು ‘ಮೂಚಾ ಆಗ್ವಾ’. ‘ಎಸ್ತೆ ಆಗ್ವಾ’ ಎಂದು ಸ್ಪ್ಯಾನಿಷ್ ಮನೆಮಾತಿನವರೂ ಹೇಳುವುದುಂಟು. ಭಾಷೆಯ ನಿಯಮ ಹೇಳುವ, 1713ರಲ್ಲಿ ಹುಟ್ಟಿದ ಸ್ಪೇನಿನ ರಾಜ ಅಕಾಡೆಮಿ ಅದನ್ನು ಒಪ್ಪುವುದಿಲ್ಲ. ‘ಆಂಬ್ರೆ’ (ಹಸಿವು), ‘ಆಗಿಲಾ’ (ಹದ್ದು) ಇದೇ ಸಾಲಿನವು. ಇಂಥ ಪದಗಳನ್ನು ಮಾತ್ರ ಕಲಿಯುವಾಗ ಪದದ ನಂತರ ಒಂದು ವಿಶೇಷಣವನ್ನೂ ಸೇರಿಸಿಯೇ ಕಲಿಯಬೇಕು.

ಕ್ರಿಯಾಪದದ ಜೊತೆ ಬಂದಾಗಲೂ ಎಚ್ಚರ ಬೇಕು. ‘ಲಾಸ್ ಬೆಂತಾನಾಸ್ ಎಸ್ತಾನ್ ಸೆರ್ರಾದಾಸ್’, ಕಿಟಕಿಗಳು ಮುಚ್ಚಿವೆ. ಇಲ್ಲಿ ‘ಸೆರ್ರಾದಾಸ್’ ಕಿಟಕಿಯ ಸ್ಥಿತಿಯನ್ನು ಹೇಳುವುದರಿಂದ ಅದಕ್ಕೆ ಹೊಂದಿಕೊಂಡಿದೆ. ‘ಎಮೋಸ್ ಸೆರ್ರಾದೊ ಲಾಸ್ ಬೆಂತಾನಾಸ್’, ಕಿಟಕಿಗಳನ್ನು ಮುಚ್ಚಿದ್ದೇವೆ. ಇಲ್ಲಿ ‘ಅಬೇರ್’ ಸಹಾಯಕ ಕ್ರಿಯಾಪದದ ಜೊತೆ ಬಂದ ‘ಸೆರ್ರಾದೊ’ ಯಾವುದಕ್ಕೂ ಹೊಂದಿಕೊಳ್ಳದು. ಮಾತನಾಡುವವರು ತಮ್ಮ ಬಗ್ಗೆಯೇ ಹೇಳಿಕೊಂಡರೆ ತಮ್ಮ ಲಿಂಗ: ದಣಿದ ಹೆಂಗಸು ‘ಎಸ್ತೊಯ್ ಕನ್ಸಾದಾ’ ಎನ್ನಬೇಕು. ಪುಸ್ತಕದಲ್ಲಿ ‘ಕನ್ಸಾದೊ’ ಅಂತಲೇ ಅಚ್ಚಾಗಿದ್ದರೆ ಹುಡುಗಿಯರು ಅದನ್ನೇ ಕಲಿತುಬಿಡುತ್ತಾರೆ. ‘ನಮ್ಮ’ ಎಂಬುದಕ್ಕೆ ಇದು ತಿರುಗುಮುರುಗು: ಗಂಡಸರೇ ಹೇಳಿದರೂ ‘ನ್ವೇಸ್ತ್ರಾ ಕಾಸಾ’; ಅಲ್ಲಿ ಲೆಕ್ಕಕ್ಕೆ ಬರುವುದು ಮನೆ, ಮನೆಯವರಲ್ಲ. ‘ಮೇದಿಯೊ’ ಎರಡು ಕೆಲಸ ಮಾಡುತ್ತದೆ. ಅರ್ಧ ಗಂಟೆ ‘ಮೇದಿಯಾ ಓರಾ’, ಆದರೆ ಅವಳು ಒಂದಿಷ್ಟು ದಣಿದಿದ್ದಾಳೆ ಎನ್ನಲು ‘ಎಸ್ತಾ ಮೇದಿಯೊ ಕನ್ಸಾದಾ’. ಎರಡನೆಯದರಲ್ಲಿ ಅದು ಕ್ರಿಯಾವಿಶೇಷಣ, ಬದಲಾಗದು.

ನಾಮಪದಕ್ಕಿಂತ ಮೊದಲು ಬಂದರೆ ಕೆಲವು ವಿಶೇಷಣಗಳು ಮೊಟಕಾಗುತ್ತವೆ. ಬ್ವೇನೊ (ಒಳ್ಳೆಯ), ಮಾಲೊ (ಕೆಟ್ಟ), ಪ್ರಿಮೇರೊ (ಮೊದಲನೆಯ), ತೆರ್ಸೇರೊ (ಮೂರನೆಯ) ಪುಲ್ಲಿಂಗ ಏಕವಚನಕ್ಕಿಂತ ಮೊದಲು ಬಂದಾಗ ಮಾತ್ರ: ‘ಬ್ವೇನ್ ಅಮೀಗೊ’, ಆದರೆ ‘ಬ್ವೇನಾ ಅಮೀಗಾ’. ‘ಗ್ರಾಂದೆ’ ಎರಡೂ ಲಿಂಗದ ಏಕವಚನದಲ್ಲಿ ‘ಗ್ರಾನ್’ ಆಗುತ್ತದೆ, ಅರ್ಥವೂ ಜರುಗುತ್ತದೆ: ‘ಗ್ರಾನ್ ಓಂಬ್ರೆ’ ಮಹಾಪುರುಷ, ‘ಓಂಬ್ರೆ ಗ್ರಾಂದೆ’ ದೊಡ್ಡ ಆಳು.

ಎರಡು ಲಿಂಗದ ನಾಮಪದಗಳಿಗೆ ಸೇರಿ ಒಂದೇ ವಿಶೇಷಣ ಕೊನೆಯಲ್ಲಿ ಬಂದರೆ ಪುಲ್ಲಿಂಗ ಬಹುವಚನ. ಆಗ ಪುಲ್ಲಿಂಗದ ನಾಮಪದವನ್ನೇ ಹತ್ತಿರ ಇಟ್ಟರೆ ಕಿವಿಗೂ ಹಿತ: ‘ಕಮೀಸಾ ಇ ಸಪಾತೋಸ್ ನೇಗ್ರೋಸ್’ (ಕಪ್ಪು ಅಂಗಿ, ಕಪ್ಪು ಬೂಟು). ಬಣ್ಣಕ್ಕೆ ಛಾಯೆ ಸೇರಿದರೆ ಎರಡೂ ಪದ ಹಾಗೇ ನಿಲ್ಲುತ್ತವೆ: ‘ಫಾಲ್ದಾಸ್ ಅಸೂಲ್ ಕ್ಲಾರೊ’, ಅಂದರೆ ತಿಳಿನೀಲಿ ಲಂಗಗಳು.

ಪಾಠ ಅಚ್ಚು ಮಾಡುವವರಲ್ಲಿ ಕೇಳಿಕೊಳ್ಳುವುದಿಷ್ಟು. ಪದಪಟ್ಟಿಯಲ್ಲಿ ಪ್ರತಿ ನಾಮಪದಕ್ಕೆ ಮೊದಲು ‘ಎಲ್’ ಅಥವಾ ‘ಲಾ’ ಇರಲಿ. ‘ಆಗ್ವಾ’ದಂಥವಕ್ಕೆ ಸ್ತ್ರೀಲಿಂಗ ಎಂದು ಬೇರೆಯಾಗಿ ನಮೂದಿಸಿ. ವಿಶೇಷಣಕ್ಕೆ ಎಷ್ಟು ರೂಪಗಳಿವೆಯೋ ಅಷ್ಟನ್ನೂ ಕೊಡಿ. ಅಭ್ಯಾಸಕ್ಕೆ ‘ಲಾ ಕಾಸಾ ಬ್ಲಾಂಕಾ’ ಬೇಡ, ಅದರಲ್ಲಿ ಪ್ರಾಸವೇ ಉತ್ತರ ಹೇಳಿಬಿಡುತ್ತದೆ. ಮಾನೊ, ಪ್ರೊಬ್ಲೇಮಾ, ಫ್ಲೋರ್, ಆಗ್ವಾ ಈ ನಾಲ್ಕಕ್ಕೆ ಬ್ಲಾಂಕೊ, ಗ್ರಾಂದೆ, ಮೆಹೋರ್ ಎಂಬ ಮೂರನ್ನು ಏಕವಚನದಲ್ಲೂ ಬಹುವಚನದಲ್ಲೂ ಜೋಡಿಸಲು ಕೊಡಿ. ಅರ್ಥ ಹೊಂದದಿದ್ದರೂ ಪರವಾಗಿಲ್ಲ. ಇಪ್ಪತ್ನಾಲ್ಕು ಜೋಡಿಯಾಗುತ್ತವೆ. ಬರೆದದ್ದನ್ನು ತಿದ್ದುವಾಗ ವಾಕ್ಯದ ಕೊನೆಯಿಂದ ಹಿಂದಕ್ಕೆ ಬಂದು, ಪ್ರತಿ ವಿಶೇಷಣದಿಂದ ಅದರ ನಾಮಪದಕ್ಕೆ ಗೆರೆ ಎಳೆಸಿ.

ಇಂತಿ,
ಸ್ಪ್ಯಾನಿಷ್ ಅಧ್ಯಾಪಕಿ