ಗೆಳೆಯನಿಗೊಂದು ಪತ್ರ: ನೀರು ಎಲ್ಲಿದೆಯೋ ಹಕ್ಕಿ ಅಲ್ಲಿದೆ

ಪ್ರಿಯ ಗೆಳೆಯಾ,

ಮಾರ್ಚ್‌ನಲ್ಲಿ ದಾವಣಗೆರೆ ಕಡೆ ಹಕ್ಕಿ ನೋಡಲು ಬರ್ತೀನಿ ಅಂದೆಯಲ್ಲ, ಕೊಂಡಜ್ಜಿ ಕೆರೆಯೊಂದನ್ನೇ ನೆಚ್ಚಿಕೊಂಡು ಬರಬೇಡ. ಭದ್ರಾ ನಾಲೆಯ ಗದ್ದೆಗಳನ್ನು ನೋಡು. ಬೇಸಿಗೆ ಬೆಳೆಗೆ ಜನವರಿಯಲ್ಲಿ ನೀರು ಬಿಡ್ತಾರೆ, ಮೇಲ್ಭಾಗದವರ ನಾಟಿ ಬೇಗ ಮುಗಿಯುತ್ತೆ. ನಾಟಿಯಾಗಿ ಮೂರ್ನಾಲ್ಕು ವಾರಕ್ಕೆ ಪೈರು ಕೂಡಿಕೊಂಡರೆ ಕೆಸರಲ್ಲಿ ಹುಳ ಹೆಕ್ಕುವ ಗೊರವ ಹಕ್ಕಿಗಳು ಅಲ್ಲಿ ಇಳಿಯಲ್ಲ. ಶತ್ರು ಬಂದರೆ ಕಾಣದಲ್ಲ, ಅದಕ್ಕೆ. ಆಗ ಮಲೇಬೆನ್ನೂರಿನಿಂದ ಹರಿಹರದ ಕಡೆ, ನಾಲೆಯ ಕೊನೆಭಾಗಕ್ಕೆ ಹೋಗಬೇಕು. ನೀರು ತಡವಾಗಿ ಮುಟ್ಟುವ ಗದ್ದೆಗಳಲ್ಲಿ ನಾಟಿಯೂ ತಡ. ರೈತರಿಗೆ ಅದು ಪ್ರತಿ ವರ್ಷದ ಗೋಳು, ಹಕ್ಕಿಗೆ ಮಾತ್ರ ಹಬ್ಬ.

ಟ್ರ್ಯಾಕ್ಟರ್‌ಗೆ ಕಬ್ಬಿಣದ ಚಕ್ರ ಹಾಕಿ ಕೆಸರು ಮಾಡುತ್ತಿರುವ ಗದ್ದೆ ಕಂಡರೆ ನಿಲ್ಲಿಸಿಬಿಡು. ಹಿಂದೆ ಹಿಂದೆ ಓಡುವ ಬೆಳ್ಳಕ್ಕಿ, ಗೋವಕ್ಕಿಗಳಲ್ಲೇ ಕಣ್ಣು ಸಿಕ್ಕಿಹಾಕಿಕೊಳ್ಳುತ್ತೆ. ಪಕ್ಕದ, ನಿನ್ನೆ ಕೆಸರು ಮಾಡಿ ಬಿಟ್ಟ ಗದ್ದೆ ನೋಡು. ಸರಿಯಾಗಿ ಸಮ ಮಾಡದ ಗದ್ದೆಯೇ ನಮಗೆ ಒಳ್ಳೆಯದು. ಎದ್ದು ನಿಂತ ಕೆಸರಿನ ದಿಬ್ಬದ ಮೇಲೆ ಪುಟ್ಟ ಪ್ಲೋವರ್, ಎರಡು ಮೂರು ಸೆಂಟಿಮೀಟರ್ ನೀರಲ್ಲಿ ಅಡವಿ ಗದ್ದೆಗೊರವ (ವುಡ್ ಸ್ಯಾಂಡ್‌ಪೈಪರ್), ತಗ್ಗಿನಲ್ಲಿ ಮೆಟ್ಟುಗಾಲು ಹಕ್ಕಿ.

ಅಡವಿ ಗದ್ದೆಗೊರವ ಮತ್ತು ಹಸಿರು ಗದ್ದೆಗೊರವದ (ಗ್ರೀನ್ ಸ್ಯಾಂಡ್‌ಪೈಪರ್) ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಹುಬ್ಬು ನೋಡು: ಬಿಳಿ ಗೆರೆ ಕಣ್ಣು ದಾಟಿ ಹಿಂದಕ್ಕೂ ಹೋಗಿದ್ದರೆ ಅಡವಿ, ಕಣ್ಣಿನ ಮುಂದೆಯೇ ನಿಂತಿದ್ದರೆ ಹಸಿರು. ಅಡವಿಯ ಬೆನ್ನ ಮೇಲೆ ಚುಕ್ಕಿ ದಟ್ಟ, ಕಾಲು ಹಳದಿ. ಅನುಮಾನ ಉಳಿದರೆ ಹಾರುವ ತನಕ ಕಾಯಿ. ರೆಕ್ಕೆಯ ಅಡಿ ಕಪ್ಪಗೆ, ಸೊಂಟ ಬೆಳ್ಳಗೆ ಹೊಳೆದರೆ ಹಸಿರು. ರೆಕ್ಕೆಯ ಅಡಿ ಮಾಸಲು ಬಿಳಿ, ‘ಚಿಫ್-ಇಫ್-ಇಫ್’ ಕೂಗು ಅಂದರೆ ಅಡವಿ. ಹಸಿರಿಗೆ ಗದ್ದೆಯ ಬಯಲಿಗಿಂತ ಬಸಿಗಾಲುವೆಯ ಮೂಲೆ ಇಷ್ಟ, ಅದೂ ಒಂಟಿಯಾಗಿ.

ಬದುವಿನ ಮೇಲೆ ಬಾಲ ಕುಣಿಸುವ ಹಳದಿ ಸಿಪಿಲೆಗಳನ್ನು ‘ಇದೇನು ಮಹಾ’ ಅಂತ ದಾಟಬೇಡ. ಚಳಿಗಾಲದಲ್ಲಿ ಮಂಕಾಗಿದ್ದವು ಮಾರ್ಚ್‌ಗೆ ಬಣ್ಣ ತುಂಬಿಕೊಳ್ಳುತ್ತವೆ, ಗಂಡಿನ ತಲೆ ನೋಡಿ ಉಪಜಾತಿ ಹೇಳಬಹುದು: ಗಾಢ ಬೂದು ತಲೆ, ಹುಬ್ಬಿಲ್ಲ ಅಂದರೆ ತುನ್‌ಬರ್ಗಿ, ತಿಳಿಬೂದು ತಲೆಗೆ ದಪ್ಪ ಬಿಳಿ ಹುಬ್ಬಿದ್ದರೆ ಬೀಮಾ, ಪೂರ್ತಿ ಕಪ್ಪು ತಲೆ ಫೆಲ್ಡೆಗ್.

ನಾಲೆ ಏರಿಯ ಮೇಲೆ ಬೈಕಿಗಿಂತ ಕಾರು ವಾಸಿ, ಇಳಿಯದಿದ್ದರೆ ಅದೇ ಮರೆ. ಐವತ್ತು ಮೀಟರ್ ಹಿಂದೆಯೇ ಎಂಜಿನ್ ಆಫ್ ಮಾಡು. ಬೆಳಿಗ್ಗೆ ಉತ್ತರ-ದಕ್ಷಿಣದ ದಾರಿ ಹಿಡಿದು ಪಶ್ಚಿಮದ ಗದ್ದೆಗಳನ್ನು ನೋಡು, ಬಿಸಿಲು ಬೆನ್ನಿಗಿರುತ್ತೆ. ಹತ್ತು ಗಂಟೆ ಮೇಲೆ ಬಿಸಿಗಾಳಿ ಕುಣಿಯಲು ಶುರುವಾದರೆ ಎಷ್ಟು ದುಬಾರಿ ದುರ್ಬೀನಾದರೂ ಅಷ್ಟೇ, 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ ದುರ್ಬೀನು) ಸಾಕು. ಕೆಂಪು ಟಿಟ್ಟಿಭ ಕೂಗಲು ಶುರುಮಾಡಿತೋ, ಅಲ್ಲೇ ನಿಲ್ಲು. ಇನ್ನೆರಡು ಹೆಜ್ಜೆ ಇಟ್ಟರೆ ಇಡೀ ಗದ್ದೆ ಎದ್ದು ಹಾರುತ್ತೆ. ಒಣ ಬಯಲಲ್ಲಿ ಕೂಗಿದರೆ ಕಾಲಡಿ ನೋಡಿಕೋ, ಮೊಟ್ಟೆ ಇರಬಹುದು.

ಹೊಸದಾಗಿ ಕೆಸರು ಮೆತ್ತಿದ ಬದು ಮಾತ್ರ ತುಳಿಯಬೇಡ. ಒಂದು ಹೆಜ್ಜೆಗೆ ಕುಸಿದರೆ ಗದ್ದೆಯ ನೀರೆಲ್ಲ ಕೆಳಗಿನವರ ಪಾಲು; ಆಮೇಲೆ ನಿನಗೆ ಬೀಳುವ ಬೈಗುಳ ನ್ಯಾಯವಾದದ್ದೇ.

ನೀರು ಸರದಿ ಮೇಲೆ ಬಿಡುವ ವರ್ಷವಾದರೆ, ನಾಲೆ ನಿಂತ ಎರಡನೇ ಮೂರನೇ ದಿನ ಕೆಸರು ಹದವಾಗಿರುತ್ತೆ. ಟಿಕೆಟ್ ಮಾಡಿಸುವ ಮುಂಚೆ ಫೋನ್ ಮಾಡು, ಸರದಿ ಯಾವಾಗ ಅಂತ ಕೇಳಿ ಹೇಳ್ತೀನಿ.

ಇಂತಿ ನಿನ್ನ,
ಗೆಳೆಯ